ಮನೆಬಳಕೆಯ ವ್ಯಾಕ್ಯೂಮ್ ಸೀಲರ್: ಗಾಳಿ ಎಳೆಯುವ ಬಲಕ್ಕಿಂತ ಸೀಲ್ ಮುಖ್ಯ

ಸೊಗಡಿನ ಅವರೆಕಾಯಿಯ ಕಾಲ ಬಹಳ ಚಿಕ್ಕದು. ಡಿಸೆಂಬರಿನ ಚಳಿಯ ಹೊತ್ತಿಗೆ ಮಾಗಡಿ ಕಡೆಯ ಕಾಯಿ ಬೆಂಗಳೂರಿನ ಬೀದಿಗಳಲ್ಲಿ ರಾಶಿ ಬೀಳತೊಡಗುತ್ತದೆ; ಸಂಕ್ರಾಂತಿ ಕಳೆದು ಕೆಲವು ವಾರಗಳಾಗುವಷ್ಟರಲ್ಲಿ ಸೊಗಡು ಇಳಿದು, ಬೆಲೆ ಏರಿ, ಆ ವರ್ಷದ ಹಿತಕಿದ ಬೇಳೆ ಸಾರಿನ ಸಂಭ್ರಮ ಮುಗಿದೇ ಹೋಗುತ್ತದೆ. ಕರಾವಳಿಯವರ ಲೆಕ್ಕ ಬೇರೆ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಮಳೆಗಾಲದ ಮೀನಿನ ಆಸೆಯನ್ನು ಮೇ ತಿಂಗಳಲ್ಲೇ ಫ್ರೀಜರಿನಲ್ಲಿ ಕೂಡಿಡಬೇಕಾಗುತ್ತದೆ. ಹಲಸಿನ ತೊಳೆ, ತೋಟದಿಂದ ಒಮ್ಮೆಗೇ ಬಂದಿಳಿಯುವ ತೆಂಗಿನಕಾಯಿ, ಊರಿನಿಂದ ಹಿರಿಯರು ಕಟ್ಟಿ ಕಳಿಸುವ ಸೊಪ್ಪು ತರಕಾರಿ ಎಲ್ಲದರ ಕಥೆಯೂ ಇದೇ. ಇಂಥ ಕುಟುಂಬಗಳಿಗೆ ಪ್ಲಾಸ್ಟಿಕ್ ಚೀಲದೊಳಗಿನ ಗಾಳಿ ಎಳೆದು ಅದರ ಬಾಯಿ ಮುಚ್ಚುವ ವ್ಯಾಕ್ಯೂಮ್ ಸೀಲರ್ ನಿಜವಾಗಿ ಉಪಯೋಗಕ್ಕೆ ಬರುವ ಯಂತ್ರ. ಆದರೆ ಜಾಹೀರಾತುಗಳಲ್ಲಿ ಎತ್ತಿ ತೋರಿಸುವ ಗುಣಗಳೇ ಒಂದು, ನಮ್ಮ ಅಡುಗೆಮನೆಗೆ ಬೇಕಾದ ಗುಣಗಳೇ ಇನ್ನೊಂದು ಎಂಬುದು ಬಳಸುತ್ತ ಹೋದಂತೆ ನನಗೆ ಖಚಿತವಾಗಿದೆ.

ಮೊದಲು ಈ ಯಂತ್ರ ಏಕೆ ಬೇಕು ಎಂಬುದನ್ನು ನೋಡೋಣ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆ ನಿಲ್ಲುತ್ತದೆಯೇ ಹೊರತು ಆಹಾರ ಒಣಗುವುದು ನಿಲ್ಲುವುದಿಲ್ಲ. ಪದಾರ್ಥದ ಮೇಲ್ಮೈಯಲ್ಲಿರುವ ಮಂಜು ನೀರಾಗದೆ ನೇರವಾಗಿ ಆವಿಯಾಗಿ, ಚೀಲದೊಳಗಿನ ಗಾಳಿಯನ್ನು ಸೇರಿ, ಚೀಲದ ಒಳಮೈಗೆ ಹರಳುಹರಳಾಗಿ ಅಂಟಿಕೊಳ್ಳುತ್ತದೆ. ತೇವ ಕಳೆದುಕೊಂಡ ಜಾಗ ಬಿಳಿಚಿಕೊಂಡು ನಾರಿನಂತಾಗುತ್ತದೆ. ಇದನ್ನೇ ಫ್ರೀಜರ್ ಬರ್ನ್ ಎನ್ನುವುದು. ಜೊತೆಗೆ ಗಾಳಿಯ ಆಮ್ಲಜನಕ ಕೊಬ್ಬಿನೊಂದಿಗೆ ಸೇರಿ ತೆಂಗಿನತುರಿಗೂ ಬೂತಾಯಿ ಮೀನಿಗೂ ಕಮಟು ವಾಸನೆ ತರುತ್ತದೆ. ಇಂದು ಹೆಚ್ಚಿನ ಮನೆಗಳಲ್ಲಿರುವ ಫ್ರಾಸ್ಟ್ ಫ್ರೀ ಡಬಲ್ ಡೋರ್ ಫ್ರಿಜ್‌ಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಮಂಜು ಕಟ್ಟದಂತೆ ತಡೆಯಲು ಫ್ರಿಜ್ ಕೆಲವು ಗಂಟೆಗಳಿಗೊಮ್ಮೆ ತನ್ನ ತಂಪು ಕೊಳವೆಗಳನ್ನು ತಾನೇ ಬಿಸಿ ಮಾಡಿಕೊಳ್ಳುತ್ತದೆ, ಫ್ಯಾನ್ ಒಣಗಾಳಿಯನ್ನು ಸದಾ ತಿರುಗಿಸುತ್ತಿರುತ್ತದೆ. ಚೀಲ ಪದಾರ್ಥದ ಮೈಗೆ ಒತ್ತಿ ಅಂಟಿಕೊಂಡಿದ್ದರೆ ಆವಿಯಾಗಲು ಎಡೆಯೇ ಸಿಗುವುದಿಲ್ಲ, ಆಮ್ಲಜನಕವೂ ತೀರ ಕಡಿಮೆಯಾಗಿರುತ್ತದೆ. ಮೀನಿನ ವಾಸನೆ ಪಕ್ಕದಲ್ಲಿರುವ ಐಸ್‌ಕ್ರೀಮಿಗೂ ಬೆಣ್ಣೆಗೂ ಹತ್ತದಿರುವುದು ಇದರೊಡನೆ ಬರುವ ಇನ್ನೊಂದು ಲಾಭ. ಮಾಂಸಾಹಾರಿಗಳೂ ಸಸ್ಯಾಹಾರಿಗಳೂ ಒಂದೇ ಫ್ರಿಜ್ ಬಳಸುವ ಮನೆಗಳಲ್ಲಿ ಇದು ಸಣ್ಣ ಲಾಭವಲ್ಲ.

ಮಾರುಕಟ್ಟೆಯಲ್ಲಿ ಮೂರು ಬಗೆಯ ಸಾಧನಗಳಿವೆ. ಒಂದು, ಕವಾಟವಿರುವ ಜಿಪ್ ಚೀಲಗಳ ಜೊತೆ ಬರುವ ಕೈಪಂಪು. ಇದು ಅಗ್ಗ, ಜಾಗವನ್ನೂ ಬೇಡುವುದಿಲ್ಲ. ಆದರೆ ಜಿಪ್ಪಿನ ಸಂದಿನಲ್ಲಿ ತುರಿಯ ಒಂದು ಎಳೆ ಸಿಕ್ಕಿಕೊಂಡರೂ ಕೆಲವೇ ದಿನಗಳಲ್ಲಿ ಚೀಲ ಸಡಿಲವಾಗುತ್ತದೆ. ಎರಡು, ಚೀಲದ ಬಾಯಿಯನ್ನು ಮುಚ್ಚಳದ ಕೆಳಗೆ ಕಚ್ಚಿಸಿ, ಗಾಳಿ ಎಳೆದು, ಬಿಸಿ ಪಟ್ಟಿಯಿಂದ ಬೆಸೆಯುವ ಉದ್ದನೆಯ ಯಂತ್ರ. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ, ನಮ್ಮಲ್ಲಿರುವುದೂ ಇದೇ. ಮೂರು, ಚೀಲವನ್ನು ಇಡಿಯಾಗಿ ಒಳಗಿಟ್ಟು ಮುಚ್ಚುವ ಚೇಂಬರ್ ಯಂತ್ರ. ಇದರಲ್ಲಿ ಚೀಲದ ಒಳಗೂ ಹೊರಗೂ ಒತ್ತಡ ಒಂದೇ ಸಮನಾಗಿ ಇಳಿಯುವುದರಿಂದ ಸಾರು, ಹುಳಿಯಂಥ ದ್ರವ ಪದಾರ್ಥವೂ ಉಕ್ಕಿ ಬರದೆ ಇದ್ದಲ್ಲೇ ಇರುತ್ತದೆ, ಅಗ್ಗದ ನಯವಾದ ಚೀಲಗಳೂ ನಡೆಯುತ್ತವೆ. ಕೆಲಸದ ದೃಷ್ಟಿಯಿಂದ ಇದಕ್ಕೆ ಸರಿಸಾಟಿಯಿಲ್ಲ. ಆದರೆ ಅದರ ತೂಕ, ಗಾತ್ರ ಮತ್ತು ಬೆಲೆ ಹೋಟೆಲಿಗೋ, ಮನೆಯಿಂದಲೇ ತಿಂಡಿ ಮಾರುವವರಿಗೋ ಹೊಂದುವಂಥವು. ನಾಲ್ಕೈದು ಜನರ ಕುಟುಂಬಕ್ಕೆ ನಾನು ಅದನ್ನು ಕೊಳ್ಳಿರೆಂದು ಹೇಳಲಾರೆ.

ಎರಡನೆಯ ಬಗೆಯ ಯಂತ್ರವನ್ನು ಆರಿಸುವಾಗ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕಾಣುವುದು ಕಿಲೋಪ್ಯಾಸ್ಕಲ್ ಸಂಖ್ಯೆ: ಮೈನಸ್ 60, ಮೈನಸ್ 80, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೊರಗಿನ ವಾತಾವರಣದ ಒತ್ತಡಕ್ಕಿಂತ ಚೀಲದೊಳಗಿನ ಒತ್ತಡ ಎಷ್ಟು ಕೆಳಗಿಳಿಯಿತು ಎಂಬುದೇ ಈ ಸಂಖ್ಯೆಯ ಅರ್ಥ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್ ಇರುವುದರಿಂದ ಮೈನಸ್ 80 ಎಂದರೆ ಚೀಲದಲ್ಲಿ ಐದರಲ್ಲೊಂದು ಪಾಲು ಗಾಳಿ ಇನ್ನೂ ಉಳಿದಿದೆ ಎಂದೇ ಲೆಕ್ಕ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹೊರಗಿನ ಒತ್ತಡವೇ 91ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಮೈನಸ್ 80 ಮುಟ್ಟುವ ಪಂಪು ಇಲ್ಲಿ ಮೈನಸ್ 72ರ ಹತ್ತಿರ ನಿಂತುಬಿಡುತ್ತದೆ. ಇದು ಯಂತ್ರದ ದೋಷವಲ್ಲ, ಉಳಿಯುವ ಗಾಳಿಯ ಪ್ರಮಾಣವೂ ಎರಡೂ ಕಡೆ ಬಹುಮಟ್ಟಿಗೆ ಒಂದೇ. ಫ್ರೀಜರಿನಲ್ಲಿಡುವ ಪದಾರ್ಥಕ್ಕೆ ಮೈನಸ್ 60 ತಲುಪುವ ಯಂತ್ರವೂ ಧಾರಾಳವಾಗಿ ಸಾಕಾಗುತ್ತದೆ. ಈ ಸಂಖ್ಯೆಯ ಹಿಂದೆ ಬಿದ್ದು ಹೆಚ್ಚು ಹಣ ಕೊಡುವುದಕ್ಕಿಂತ ಬೆಸೆಯುವ ಪಟ್ಟಿಯನ್ನು ನೋಡುವುದು ಜಾಣತನ.

ಏಕೆಂದರೆ ಫ್ರೀಜರಿನಲ್ಲಿ ಹಾಳಾಗುವ ಪ್ಯಾಕೆಟ್ಟುಗಳಲ್ಲಿ ಹೆಚ್ಚಿನವು ಗಾಳಿ ಸಾಕಷ್ಟು ಹೊರಹೋಗದೆ ಹಾಳಾದವಲ್ಲ, ಹೊರಹೋದ ಗಾಳಿ ಮತ್ತೆ ಒಳಬಂದದ್ದರಿಂದ ಹಾಳಾದವು. ಬೆಸುಗೆ ಅಗಲವಾಗಿದ್ದಷ್ಟೂ ಒಳ್ಳೆಯದು. ನೂಲಿನಷ್ಟು ತೆಳುವಾದ ಗೆರೆ ಹಾಕುವ ಯಂತ್ರಗಳಿಗಿಂತ 3 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲದ ಗೆರೆ ಹಾಕುವ ಯಂತ್ರ ಮೇಲು. ಪಟ್ಟಿಯ ಉದ್ದ 30 ಸೆಂಟಿಮೀಟರ್ ಇದ್ದರೆ 28 ಸೆಂಟಿಮೀಟರ್ ಅಗಲದ ಚೀಲದ ರೋಲನ್ನೂ ಸಲೀಸಾಗಿ ಬಳಸಬಹುದು. ಗಾಳಿ ಎಳೆಯದೆ ಬರೀ ಬೆಸೆಯುವ ಗುಂಡಿ ಪ್ರತ್ಯೇಕವಾಗಿ ಇರಲೇಬೇಕು. ಹಸಿ ಪದಾರ್ಥ, ಒಣ ಪದಾರ್ಥ ಎಂದು ಎರಡು ಆಯ್ಕೆಗಳಿರಬೇಕು. ಹಸಿ ಎಂದು ಒತ್ತಿದಾಗ ಪಟ್ಟಿ ಇನ್ನಷ್ಟು ಹೊತ್ತು ಬಿಸಿಯಾಗಿದ್ದು, ಬಾಯಿಗೆ ಬಂದ ತೇವವನ್ನು ಆರಿಸಿ ಬೆಸೆಯುತ್ತದೆ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಗಾಳಿ ಎಳೆಯುವ ಪಲ್ಸ್ ಸೌಲಭ್ಯ ಒಬ್ಬಟ್ಟು, ಬ್ರೆಡ್ಡಿನಂಥ ಮೆತ್ತನೆಯ ತಿಂಡಿಗೆ ಬೇಕು. ಎಳೆದ ನೀರು ಬಂದು ಸೇರುವ ತಟ್ಟೆಯನ್ನು ಹೊರತೆಗೆದು ತೊಳೆಯುವಂತಿರಬೇಕು. ಇದು ನನ್ನ ಮಟ್ಟಿಗೆ ಕಡ್ಡಾಯ, ಏಕೆಂದರೆ ಮೀನಿನ ನೀರು ಒಳಗೇ ಉಳಿದ ಯಂತ್ರವನ್ನು ಮರುವಾರ ತೆರೆದರೆ ಅಡುಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ.

ಅಗ್ಗದ ಯಂತ್ರಗಳಲ್ಲಿ ನಾನು ಕಂಡ ಮುಖ್ಯ ಕೊರತೆ ಪಟ್ಟಿ ಬೇಗ ಕಾದುಹೋಗುವುದು. ಒಂದರ ಹಿಂದೆ ಒಂದು ಚೀಲ ಮುಚ್ಚುತ್ತ ಹೋದರೆ ಪಟ್ಟಿ ಮಿತಿಮೀರಿ ಬಿಸಿಯಾಗಿ ಬೆಸುಗೆಯ ಅಂಚು ಸುಕ್ಕುಗಟ್ಟಿ ತೂತಾಗುತ್ತದೆ. ಕೈಪಿಡಿಯಲ್ಲಿ ಎರಡು ಸೀಲ್‌ಗಳ ನಡುವೆ ಎಷ್ಟು ಸೆಕೆಂಡು ಬಿಡಬೇಕೆಂದು ಬರೆದಿರುತ್ತಾರೆ. ಕೊಳ್ಳುವ ಮೊದಲೇ ಅದನ್ನು ಓದಿ. ಅರ್ಧ ನಿಮಿಷ ಎಂದಿದ್ದರೆ ಮನೆಗೆ ಅಡ್ಡಿಯಿಲ್ಲ. ಕೆಲವೇ ಸೀಲ್‌ಗಳಾದ ಮೇಲೆ ಬಹಳ ಹೊತ್ತು ಆರಲು ಬಿಡಬೇಕು ಎಂದಿದ್ದರೆ ಹಬ್ಬದ ಮುಂಚಿನ ಕೆಲಸಕ್ಕೆ ಅದು ಒದಗುವುದಿಲ್ಲ.

ಯಂತ್ರದ ಬೆಲೆ ಒಮ್ಮೆ ಕೊಡುವಂಥದ್ದು, ಚೀಲದ ಬೆಲೆ ಪ್ರತಿ ಸಲವೂ ಕೊಡುವಂಥದ್ದು. ಈ ಬಗೆಯ ಯಂತ್ರಕ್ಕೆ ಒಂದು ಮೈಯಲ್ಲಿ ಉಬ್ಬುಗೆರೆಗಳಿರುವ ಚೀಲವೇ ಬೇಕು. ನಯವಾದ ಚೀಲ ಹಾಕಿದರೆ ಎಳೆತ ಶುರುವಾದ ಕ್ಷಣವೇ ಎರಡು ಪದರಗಳು ಒಂದಕ್ಕೊಂದು ಅಂಟಿ ದಾರಿ ಮುಚ್ಚಿಹೋಗುತ್ತದೆ, ಗಾಳಿ ಒಳಗೇ ಸಿಕ್ಕಿಬೀಳುತ್ತದೆ. 5 ಮೀಟರಿನ ಒಂದು ರೋಲಿಗೆ 500 ರೂಪಾಯಿ ಎಂದಿಟ್ಟುಕೊಂಡರೆ 30 ಸೆಂಟಿಮೀಟರಿನ ಒಂದು ತುಂಡಿಗೆ 30 ರೂಪಾಯಿ ಬೀಳುತ್ತದೆ. ಅದರಲ್ಲಿ ಅರ್ಧ ಕೆ.ಜಿ. ಅಂಜಲ್ ಮೀನು ಇಟ್ಟರೆ ಲೆಕ್ಕ ಸರಿಹೋಗುತ್ತದೆ, ವರ್ಷವಿಡೀ ಸಿಗುವ ಕ್ಯಾರೆಟ್ ಇಟ್ಟರೆ ಹೋಗುವುದಿಲ್ಲ. ನಯವಾದ ಚೀಲದ ಬಾಯಿಯೊಳಗೆ ಉಬ್ಬುಗೆರೆ ಚೀಲದ ಎರಡು ಬೆರಳಗಲದ ಪಟ್ಟಿಯೊಂದನ್ನು ಇಟ್ಟು ಗಾಳಿ ಎಳೆಸುವ ಉಪಾಯವೂ ಇದೆ. ಕೆಲಸ ಮಾಡುತ್ತದೆ, ಆದರೆ ತಾಳ್ಮೆ ಬೇಡುತ್ತದೆ.

ಚೀಲದ ವಸ್ತುವಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಒಳ್ಳೆಯ ಚೀಲದಲ್ಲಿ ಹೊರಪದರ ನೈಲಾನಿನದು, ಅದು ಆಮ್ಲಜನಕವನ್ನು ತಡೆಯುತ್ತದೆ; ಒಳಪದರ ಪಾಲಿಥೀನಿನದು, ಅದು ಕರಗಿ ಬೆಸೆದುಕೊಳ್ಳುತ್ತದೆ. ಬರೀ ಪಾಲಿಥೀನಿನ ಚೀಲ ತೇವವನ್ನು ತಡೆದರೂ ಆಮ್ಲಜನಕವನ್ನು ನಿಧಾನವಾಗಿ ಒಳಬಿಡುತ್ತದೆ. ಬಿಪಿಎ (ಕೆಲವು ಪ್ಲಾಸ್ಟಿಕ್‌ಗಳ ತಯಾರಿಕೆಯಲ್ಲಿ ಬಳಸುವ ರಾಸಾಯನಿಕ) ಇಲ್ಲ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ವಿಶೇಷ ಗುಣವೇನಲ್ಲ, ನೈಲಾನ್ ಮತ್ತು ಪಾಲಿಥೀನ್ ತಯಾರಿಕೆಯಲ್ಲಿ ಬಿಪಿಎ ಬಳಸುವುದೇ ಇಲ್ಲ. ಅದಕ್ಕಿಂತ ಪದರಗಳು ಯಾವುವು, ದಪ್ಪ ಎಷ್ಟು ಮೈಕ್ರಾನ್, ಆಹಾರಕ್ಕೆ ತಕ್ಕದ್ದೆಂದು ಸ್ಪಷ್ಟವಾಗಿ ಮುದ್ರಿಸಿದ್ದಾರೆಯೇ ಎಂಬುದನ್ನು ನೋಡಿಕೊಳ್ಳಬೇಕು. ಹಲವು ಪದರಗಳ ಈ ಪ್ಲಾಸ್ಟಿಕ್ ಮರುಬಳಕೆಗೆ ಹೋಗುವುದು ಕಷ್ಟ ಎಂಬುದು ನನಗೆ ಬೇಸರದ ಸಂಗತಿ. ಆದ್ದರಿಂದ ನಾವು ಚೀಲವನ್ನು ಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಗಿಯೇ ಕತ್ತರಿಸಿ, ಬೇಳೆ, ತುರಿ ಇಟ್ಟ ಚೀಲಗಳನ್ನು ತೊಳೆದು ಒಣಗಿಸಿ ಮತ್ತೆ ಬಳಸುತ್ತೇವೆ. ಹಸಿ ಮೀನು, ಮಾಂಸ ಇಟ್ಟ ಚೀಲವನ್ನು ಮಾತ್ರ ಮತ್ತೆ ಬಳಸಬಾರದು.

ಬಳಕೆಯ ವಿಷಯಕ್ಕೆ ಬಂದರೆ, ಹಿತಕಿದ ಬೇಳೆ ಈ ಯಂತ್ರಕ್ಕೆ ನಿಜವಾದ ಪರೀಕ್ಷೆ. ರಾತ್ರಿಯೆಲ್ಲ ನೆನೆದ ಕಾಳನ್ನು ಹಿತುಕಿ ಸಿಪ್ಪೆ ತೆಗೆದಾಗ ಬೇಳೆಯ ಮೈ ನುಣುಪಾಗಿ, ಒದ್ದೆಯಾಗಿ, ಸ್ವಲ್ಪ ಲೋಳೆಯಾಗಿರುತ್ತದೆ. ಇದನ್ನು ಹಾಗೆಯೇ ಚೀಲಕ್ಕೆ ತುಂಬಿ ಯಂತ್ರಕ್ಕೆ ಕೊಟ್ಟರೆ, ಗಾಳಿಯ ಜೊತೆಗೆ ನೀರು ಉಬ್ಬುಗೆರೆಗಳ ಸಂದಿನಲ್ಲಿ ಸಣ್ಣ ಸಣ್ಣ ಹನಿಗಳಾಗಿ ಬಾಯಿಯ ಕಡೆಗೆ ಏರುತ್ತ ಬರುವುದನ್ನು ಕಣ್ಣಿನಿಂದಲೇ ನೋಡಬಹುದು. ಹನಿ ಪಟ್ಟಿಯ ಕೆಳಗೆ ಬಂದು ನಿಂತ ಜಾಗದಲ್ಲಿ ಬೆಸುಗೆ ಬಿಳಿಬಿಳಿಯಾಗಿ ಗುಳ್ಳೆ ಕಟ್ಟುತ್ತದೆ. ಆದ್ದರಿಂದ ಬೇಳೆಯನ್ನು ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ಬಿಟ್ಟು ತೆಗೆದು, ಕೂಡಲೇ ತಣ್ಣೀರಿಗೆ ಹಾಕಬೇಕು. ಇದರಿಂದ ಬೇಳೆಯಲ್ಲಿರುವ ಕಿಣ್ವಗಳು ನಿಷ್ಕ್ರಿಯವಾಗಿ, ಫ್ರೀಜರಿನಲ್ಲೂ ನಿಧಾನವಾಗಿ ನಡೆಯುವ ಬಣ್ಣಗೆಡುವಿಕೆ, ರುಚಿಗೆಡುವಿಕೆ ತಪ್ಪುತ್ತದೆ. ಆಮೇಲೆ ಹತ್ತಿ ಬಟ್ಟೆಯ ಮೇಲೆ ಹರಡಿ ನೀರಾರಿಸಿ, ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಫ್ರೀಜರಿನಲ್ಲಿಟ್ಟು, ಬೇಳೆಗಳು ಬಿಡಿಬಿಡಿಯಾಗಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಬೇಕು. ತಟ್ಟೆಯಿಂದ ಸುರಿಯುವಾಗ ಕಲ್ಲುಹರಳಿನಂತೆ ಸದ್ದಾಗುವಷ್ಟು ಗಟ್ಟಿಯಾಗಿದ್ದರೆ ಎಳೆತಕ್ಕೆ ನೀರೂ ಬರುವುದಿಲ್ಲ, ಬೇಳೆಯೂ ಜಜ್ಜಿಹೋಗುವುದಿಲ್ಲ. ಹೀಗಿಟ್ಟ ಬೇಳೆಯನ್ನು ಬೇಸಿಗೆಯಲ್ಲಿ ನೇರವಾಗಿ ಕುದಿಯುವ ಸಾರಿಗೆ ಹಾಕಿದರೆ ಒಡೆಯದೆ ಬೇಯುತ್ತದೆ. ಸೊಗಡು ಹೊಸ ಕಾಯಿಯಷ್ಟು ಇರುತ್ತದೆಂದು ಹೇಳಲಾರೆ, ಆದರೆ ಸಾಮಾನ್ಯ ಕವರಿನಲ್ಲಿಟ್ಟ ಬೇಳೆಗಿಂತ ಎಷ್ಟೋ ಮೇಲು.

ತೆಂಗಿನತುರಿಗೆ ಈ ಪೂರ್ವಸಿದ್ಧತೆ ಬೇಡ, ಆದರೆ ಅದರ ಹಾಲು ಮತ್ತು ಎಣ್ಣೆಯ ಜಿಡ್ಡು ಚೀಲದ ಬಾಯಿಗೆ ಸವರಿಕೊಂಡರೆ ಬೆಸುಗೆ ಹಿಡಿಯುವುದೇ ಇಲ್ಲ. ಚೀಲದ ಬಾಯಿಯನ್ನು ಅಂಗಿಯ ತೋಳಿನಂತೆ ಹೊರಕ್ಕೆ ಮಡಚಿ, ತುರಿಯನ್ನು ತುಂಬಿ, ನಂತರ ಮಡಿಕೆ ಬಿಡಿಸಬೇಕು. ಬಾಯಿಯಿಂದ ಪದಾರ್ಥದವರೆಗೆ ಕನಿಷ್ಠ 7 ಸೆಂಟಿಮೀಟರ್ ಖಾಲಿ ಇರಬೇಕು. ಚಪ್ಪಟೆಯಾಗಿ ಹರಡಿ, ಮುಚ್ಚುವ ಮುನ್ನ ಚೀಲದ ಮೇಲಿಂದ ಚಾಕುವಿನ ಬೆನ್ನಿನಿಂದ ಗೆರೆ ಒತ್ತಿಟ್ಟರೆ ಒಂದು ದಿನದ ಪಲ್ಯಕ್ಕೆ ಬೇಕಾದಷ್ಟನ್ನೇ ಮುರಿದು ತೆಗೆಯಬಹುದು. ಉಳಿದದ್ದನ್ನು ಮತ್ತೆ ಮುಚ್ಚಲು ಚೀಲ ಉದ್ದವಾಗಿದ್ದರೆ ಸಾಕು.

ಮೀನನ್ನು ತೊಳೆದು, ಒರೆಸಿ, ತುಂಡುಗಳ ಮೇಲ್ಮೈ ಗಟ್ಟಿಯಾಗುವವರೆಗೆ ಫ್ರೀಜರಿನಲ್ಲಿಟ್ಟು ನಂತರ ಮುಚ್ಚಬೇಕು. ಬಂಗುಡೆಯ ರೆಕ್ಕೆ, ಸಿಗಡಿಯ ತಲೆಯ ಮುಳ್ಳು, ಏಡಿಯ ಕೊಂಡಿ ಚೀಲಕ್ಕೆ ತೂತು ಮಾಡುತ್ತವೆ. ಕತ್ತರಿಸಿ ತೆಗೆಯಬೇಕು, ಇಲ್ಲವೇ ಮೇಲೆ ಮಡಚಿದ ಬಟರ್ ಪೇಪರ್ ಇಡಬೇಕು. ಬಂಗುಡೆ, ಬೂತಾಯಿಯಂಥ ಕೊಬ್ಬಿನ ಮೀನು ಸಾಮಾನ್ಯ ಕವರಿನಲ್ಲಿ ಎರಡು ಮೂರು ತಿಂಗಳಲ್ಲೇ ರುಚಿಗೆಡುವುದರಿಂದ ಗಾಳಿ ತೆಗೆದಿಡುವುದರ ಲಾಭ ಅತಿ ಸ್ಪಷ್ಟವಾಗಿ ಕಾಣುವುದು ಇವುಗಳಲ್ಲೇ. ಮತ್ತೆ, ಇಲ್ಲೊಂದು ಎಚ್ಚರಿಕೆಯನ್ನು ತಪ್ಪದೆ ಪಾಲಿಸಬೇಕು: ಮೀನನ್ನು ಕರಗಿಸಲು ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸುವ ಮೊದಲೇ ಚೀಲವನ್ನು ಕತ್ತರಿಸಿ ತೆರೆದಿಡಬೇಕು. ಆಮ್ಲಜನಕವಿಲ್ಲದ ಜಾಗದಲ್ಲಿ ವಿಷ ಉತ್ಪಾದಿಸುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಬ್ಯಾಕ್ಟೀರಿಯಾದ ಕೆಲವು ತಳಿಗಳು, ಮೀನಿನಲ್ಲಿ ಕಾಣಿಸಿಕೊಳ್ಳುವ ತಳಿಯೂ ಸೇರಿದಂತೆ, 3 ಡಿಗ್ರಿಗಿಂತ ಸ್ವಲ್ಪ ಮೇಲಿನ ತಣ್ಣಗಿನಲ್ಲೂ ಬೆಳೆಯಬಲ್ಲವು.

ಈ ಕಾರಣಕ್ಕಾಗಿಯೇ ಒಂದು ತಪ್ಪು ತಿಳಿವಳಿಕೆ ನನ್ನನ್ನು ಬಹಳ ಕಾಡುತ್ತದೆ. ಗಾಳಿ ತೆಗೆದರೆ ಪದಾರ್ಥ ಕೆಡುವುದೇ ಇಲ್ಲ, ಹೊರಗಿಟ್ಟರೂ ನಡೆಯುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ವ್ಯಾಕ್ಯೂಮ್ ಯಾವ ಸೂಕ್ಷ್ಮಜೀವಿಯನ್ನೂ ಕೊಲ್ಲುವುದಿಲ್ಲ. ಕೆಟ್ಟಿದೆಯೆಂದು ವಾಸನೆಯಿಂದ ಎಚ್ಚರಿಸುವ ಜೀವಿಗಳು ಗಾಳಿಯಿಲ್ಲದೆ ಹಿಂದುಳಿಯುತ್ತವೆ, ವಾಸನೆಯನ್ನೇ ಕೊಡದ ಅಪಾಯಕಾರಿ ಜೀವಿಗೆ ಅನುಕೂಲವಾಗುತ್ತದೆ. ಬೇಯಿಸಿದ ಪಲ್ಯ, ಸುಲಿದ ಬೆಳ್ಳುಳ್ಳಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಅಣಬೆ, ಪನೀರ್ ಇವುಗಳನ್ನು ಗಾಳಿ ತೆಗೆದು ಮುಚ್ಚಿದ ಮೇಲೆ ಕಟ್ಟೆಯ ಮೇಲೆ ಬಿಡಲೇಬಾರದು. ನೇರವಾಗಿ ಫ್ರೀಜರಿಗೆ ಹೋಗಬೇಕು. ಪರ ಊರಿನಲ್ಲಿರುವ ಮಕ್ಕಳಿಗೆ ಬಸ್ಸಿನಲ್ಲಿ ಪಲ್ಯ ಕಳಿಸಲು ಈ ಯಂತ್ರವನ್ನು ನಂಬಬೇಡಿ. ಚಟ್ನಿಪುಡಿ, ಹುರಿಟ್ಟು, ಹಪ್ಪಳದಂಥ ಒಣ ಪದಾರ್ಥಕ್ಕೆ ಈ ಭಯವಿಲ್ಲ; ನುಣ್ಣನೆಯ ಪುಡಿ ಪಂಪಿನೊಳಗೆ ಹೋಗದಂತೆ ಮೇಲೊಂದು ಟಿಶ್ಯೂ ಕಾಗದ ಇಟ್ಟರಾಯಿತು.

ಸಾರು, ಹುಳಿ, ಕೊರ್ಮಗಳನ್ನು ಮೊದಲು ಚೌಕ ಡಬ್ಬಿಯಲ್ಲಿ ಗಟ್ಟಿಯಾಗಿಸಿ, ಇಟ್ಟಿಗೆಯನ್ನು ಡಬ್ಬಿಯಿಂದ ಬಿಡಿಸಿ ಚೀಲಕ್ಕೆ ಹಾಕಬೇಕು. ಬಿಸಿ ಬಿಸಿಯಾಗಿ ಮುಚ್ಚಲು ಹೋಗಲೇಬಾರದು. ಒತ್ತಡ 20 ಕಿಲೋಪ್ಯಾಸ್ಕಲ್‌ಗೆ ಇಳಿದಾಗ ನೀರು 60 ಡಿಗ್ರಿಗೇ ಕುದಿಯುವುದರಿಂದ ಆವಿ ಪಂಪಿನೊಳಗೆ ನುಗ್ಗಿ ನೀರಾಗುತ್ತದೆ. ದೋಸೆಹಿಟ್ಟಿಗೆ ಈ ಯಂತ್ರ ಸಲ್ಲದು, ಹುದುಗಿನ ಅನಿಲ ಚೀಲವನ್ನು ಉಬ್ಬಿಸುತ್ತದೆ. ಆಗಷ್ಟೇ ಹುರಿದ ಕಾಫಿಬೀಜದ ಚೀಲವೂ ಹಾಗೆಯೇ ಉಬ್ಬುತ್ತದೆ, ಬೀಜದಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುತ್ತದೆ. ಹಸಿ ಹೂಕೋಸು, ಎಲೆಕೋಸುಗಳನ್ನೂ ಬಿಸಿನೀರಿನಲ್ಲಿ ಅದ್ದಿ ತೆಗೆಯದೆ ಮುಚ್ಚಬಾರದು.

ಅಮೆರಿಕದಲ್ಲಿರುವ ಬಂಧುಗಳಿಂದ ಫುಡ್‌ಸೇವರ್‌ನಂಥ ಯಂತ್ರ ತರಿಸುವ ಯೋಚನೆ ಇದ್ದರೆ ಹಿಂಬದಿಯ ಚೀಟಿ ನೋಡಲು ಹೇಳಿ. ಅಲ್ಲಿಯದು 120 ವೋಲ್ಟಿನದು, ನಮ್ಮದು 230. ಬರೀ ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಚುಚ್ಚಿದರೆ ಯಂತ್ರ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಬಳಸುವ ತಾಪತ್ರಯಕ್ಕಿಂತ ಇಲ್ಲಿಯದೇ ಒಂದನ್ನು ಕೊಳ್ಳುವುದು ಮೇಲು.

ಸೇವೆಯ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ನಮ್ಮ ಯಂತ್ರದ ಪಟ್ಟಿಯ ಮೇಲಿನ ಟೆಫ್ಲಾನ್ ಟೇಪು ಕರಕಲಾದಾಗ ಮಾರಿದವರು ಬಿಡಿಭಾಗ ಇಲ್ಲವೆಂದರು, ವಾರಂಟಿಗೆ ಅದು ಸೇರುವುದಿಲ್ಲವೆಂದರು. ಹೀಗೆ ಸವೆಯುವ ಭಾಗಗಳು ಎರಡೇ: ಆ ಟೇಪು ಮತ್ತು ಮುಚ್ಚಳದ ಸುತ್ತಲಿನ ಸ್ಪಂಜಿನ ಗ್ಯಾಸ್ಕೆಟ್. ಟೇಪು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸುಲಭವಾಗಿ ಸಿಗುತ್ತದೆ. ಗ್ಯಾಸ್ಕೆಟ್ ಆಯಾ ಯಂತ್ರದ ಆಕಾರದ್ದೇ ಆಗಬೇಕು. ಆದ್ದರಿಂದ ಒಂದು ಜೊತೆ ಹೆಚ್ಚುವರಿ ಗ್ಯಾಸ್ಕೆಟ್ ಕೊಡುವ ಕಂಪನಿಯ ಯಂತ್ರಕ್ಕೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಯಂತ್ರವನ್ನು ಎತ್ತಿಡುವಾಗ ಮುಚ್ಚಳದ ಲಾಕ್ ಹಾಕದೆ ಸಡಿಲವಾಗಿ ಬಿಡಬೇಕು, ಇಲ್ಲದಿದ್ದರೆ ಸ್ಪಂಜು ಒತ್ತಿಕೊಂಡೇ ಇದ್ದು ಚಪ್ಪಟೆಯಾಗಿ ಗಾಳಿ ಸೋರತೊಡಗುತ್ತದೆ. ಪ್ರತಿ ಚೀಲವನ್ನೂ ಫ್ರೀಜರಿಗೆ ಇಡುವ ಮುನ್ನ ಬೆಸುಗೆಯನ್ನು ಬೆಳಕಿಗೆ ಹಿಡಿದು ನೋಡಿ: ಗೆರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಲ್ಲೂ ಕಡಿಯದೆ ಪಾರದರ್ಶಕವಾಗಿರಬೇಕು. ಬಿಳಿ ಗುಳ್ಳೆ ಕಂಡರೆ ಅದರ ಹೊರಬದಿಗೆ, ಒಂದು ಬೆರಳು ಬಿಟ್ಟು, ಎರಡನೆಯ ಗೆರೆ ಹಾಕಿ. ಮರುದಿನ ಬೆಳಿಗ್ಗೆ ಒಮ್ಮೆ ಮುಟ್ಟಿ ನೋಡಿ, ಸಡಿಲವಾಗಿದ್ದ ಚೀಲವನ್ನು ಅಂದೇ ಬದಲಿಸಿ, ತಾರೀಖು ಬರೆದಿಡಿ.